ಐದು ಕಿಲೋ ಬೀಟ್‌ರೂಟ್

ದೇರಳಕಟ್ಟೆಯಲ್ಲಿ ಇದಿನಬ್ಬನ ಗಾಡಿಯೆದುರು
ವಾರಕ್ಕೊಮ್ಮೆ ನಿಲ್ಲುತ್ತೇನೆ. ಐದು ಕಿಲೋ.
"ಮನೆಯಲ್ಲಿ ಯಾರಿಗಾದರೂ ರಕ್ತ ಕಮ್ಮಿಯಾ ಟೀಚರೇ?"
ಇಲ್ಲ, ನನಗೆ ಇದರೊಳಗಿನ ಬಾಗಿಲು ಬೇಕು ಎಂದರೆ
ನಗುತ್ತಾನೆ. ಒಂದು ಗಡ್ಡೆ ಜಾಸ್ತಿ ಹಾಕುತ್ತಾನೆ,
ಎಲೆ ಸಮೇತ. ಅದಕ್ಕೆ ದುಡ್ಡಿಲ್ಲ.

ಕೊಣಾಜೆ ಗುಡ್ಡದ ಮೇಲೆ, ನಾಲ್ಕು ಡಿಗ್ರಿಯ ಕೋಣೆಯಲ್ಲಿ
ಮೇ ತಿಂಗಳಲ್ಲೂ ಸ್ವೆಟರು ಹಾಕಿ
ಐರಿನ್ ಬಾಯಿ ಮತ್ತು ನಾನು ಸಿಪ್ಪೆ ತೆಗೆಯುತ್ತೇವೆ,
ಮದುವೆಯ ಹಿಂದಿನ ರಾತ್ರಿಯ ಹಾಗೆ, ಆದರೆ ಮಾತಿಲ್ಲದೆ.
ಮಿಕ್ಸಿ. ತೆಳುಬಟ್ಟೆ. ಹಿಂಡಿದ ಕೆಂಪು
ಉಗುರ ಸಂದಿಗಿಳಿದು ಹೋಗುವುದೇ ಇಲ್ಲ;
ಭಾನುವಾರ ಪೂಜೆಯಲ್ಲಿ ಪಕ್ಕದ ಬೆಂಚಿನವರು
ಐರಿನ್ ಬಾಯಿಯ ಮುಖ ಬಿಟ್ಟು ಕೈ ನೋಡುತ್ತಾರಂತೆ.

ಮೊದಲ ಸುತ್ತಿಗೆ ನಾರು ತಳ ಸೇರುತ್ತದೆ.
ಎರಡನೆಯದಕ್ಕೆ ಜೀವಕೋಶದ ಒಲೆ, ಉಗ್ರಾಣ.
ಮೂರನೆಯದು ನಿಮಿಷಕ್ಕೆ ಮೂವತ್ತೈದು ಸಾವಿರ,
ಯಂತ್ರ ಹಲ್ಲು ಕಚ್ಚಿ ತಿರುಗಿ ನಿಂತಾಗ
ಕೊಳವೆಯ ತಳದಲ್ಲಿ ಕಂದಿದ ಒಂದು ಚುಕ್ಕೆ:
ಪೊರೆ.
ಐದು ಕಿಲೋಗೆ ಉಗುರಂಚಿನಷ್ಟು.

ಅದರಲ್ಲಿ ಅವನಿದ್ದಾನೆ, ಸಕ್ಕರೆ ದಾಟಿಸುವವನು.
ಸುಲ್ತಾನ್ ಬತ್ತೇರಿಯ ದೋಣಿಯವನು
ತಣ್ಣೀರುಬಾವಿಗೆ ಜನ ದಾಟಿಸುವ ಹಾಗೆ;
ಆದರೆ ಇವನದೊಂದು ಹಟ,
ಸಕ್ಕರೆ ಒಂಟಿಯಾಗಿ ಬಂದರೆ ಹತ್ತಿಸುವುದಿಲ್ಲ,
ಪ್ರತಿಯೊಂದಕ್ಕೂ ಒಂದು ಪ್ರೋಟಾನು ಜೊತೆಗೆ ಬೇಕು.
ನನ್ನ ಕೆಲಸ ಇಷ್ಟೆ: ಅವನೊಬ್ಬನನ್ನು
ನೋಯಿಸದೆ ಹೊಳೆಯಿಂದ ಎತ್ತುವುದು.

ನೋಯುತ್ತಾನೆ.
ಪೊರೆ ಕರಗಲು ಸಾಬೂನಿನಂಥದ್ದು ಹಾಕಬೇಕು.
ಕಮ್ಮಿಯಾದರೆ ಕೈ ಬಿಡುವುದಿಲ್ಲ,
ಜಾಸ್ತಿಯಾದರೆ ಮುದುಡಿ ಮುದ್ದೆಯಾಗುತ್ತಾನೆ.
ಹನ್ನೆರಡು ಸಲ ಕೊಬ್ಬಿನೊಳಗೆ ಹೋಗಿ ಬಂದು
ಹೊಲಿಗೆ ಹಾಕಿಕೊಂಡ ಮೈ ಅದು,
ಬರಿ ನೀರು ಸೋಕಿದರೆ ಆಗದು.
ನೀರಿಗೆ ಹೆದರುವ ದೋಣಿಯವ!

ಒಂಬತ್ತು ತಿಂಗಳು. ನೋಟ್‌ಪುಸ್ತಕದಲ್ಲಿ
ಇಲ್ಲ. ಇಲ್ಲ. ಕರೆಂಟು ಹೋಯಿತು. ಇಲ್ಲ.

ತನಿಯಪ್ಪ ಮಾವ ಮೂರ್ತೆ ಬಿಟ್ಟು ಆರು ವರ್ಷ,
ಮೊಣಕಾಲು ಮಡಚುವುದಿಲ್ಲ. ಪಾವೂರಿನ ಜಗಲಿಯಲ್ಲಿ
ನನ್ನ ಕಥೆ ಪೂರ್ತಿ ಕೇಳಿ ಅವ ಕೇಳಿದ್ದು ಒಂದೇ:
"ಆ ಮಿಕ್ಸಿ ಎಷ್ಟು ಹೊತ್ತು ತಿರುಗುತ್ತದೆ?"
ಒಂದು ನಿಮಿಷ.
"ಪಾಪ" ಎಂದ. ಬೀಟ್‌ರೂಟಿಗೋ, ನನಗೋ.
ಆಮೇಲೆ ಹೇಳಿದ: ತೆಂಗಿನ ಹೊಂಬಾಳೆಯನ್ನು
ದಿನಾ ಮೂಳೆಯಲ್ಲಿ ಮೆಲ್ಲ ತಟ್ಟಿ, ಪಳಗಿಸಿ,
ತುದಿ ಕೊಯ್ದು, ಮತ್ತೆ ಬೆಳಿಗ್ಗೆ ಕಾಗದದಷ್ಟು,
ಸಂಜೆ ಕಾಗದದಷ್ಟು.
"ಒಂದು ದಿನ ತಪ್ಪಿದರೆ ಗಾಯ ಮಾಯುತ್ತದೆ ಮಾರಾಯ್ತಿ,
ಮಾಯ್ದ ಗಾಯ ಎಂತದೂ ಕೊಡುವುದಿಲ್ಲ.
ದಪ್ಪ ಕೊಯ್ದರೆ ಮರಕ್ಕೆ ಸಿಟ್ಟು ಬರ್ತದೆ."
ಕೈ ಗಾಳಿಯಲ್ಲಿ ಆಡಿತು,
ಇಲ್ಲದ ಕತ್ತಿಯಿಂದ ಇಲ್ಲದ ಹೂವನ್ನು ಸವರುತ್ತ.

ಮುಂದಿನ ವಾರ ಮಿಕ್ಸಿಗೆ ಹತ್ತು ಸೆಕೆಂಡು,
ಮೂರು ಸಲ, ನಡುವೆ ಐಸು.
ಸಾಬೂನು ಹನಿಹನಿಯಾಗಿ, ಐರಿನ್ ಬಾಯಿ
ಜಪಮಣಿ ಸರಿಸುವ ವೇಗದಲ್ಲಿ.
ಸೋಯಾ ಕೊಬ್ಬಿನಿಂದ ಕಣ್ಣಿಗೆ ಕಾಣದ ಗುಳ್ಳೆಗಳ ಮಾಡಿ,
ಬಾಡಿಗೆ ಗೋಡೆಯಲ್ಲಿ ಅವನನ್ನು ಕೂರಿಸಿ,
ಹೊರಗೆ ಗುರುತು ಹಚ್ಚಿದ ಸಕ್ಕರೆಯಿಟ್ಟು
ಕೂತೆವು.

ಖಾಲಿ ಗುಳ್ಳೆಗೆ ಎಣಿಕೆ ಮುನ್ನೂರ ಹನ್ನೊಂದು.
ಅವನಿದ್ದದ್ದಕ್ಕೆ ನಾನೂರ ಆರು.
ಹೆಚ್ಚೇನಲ್ಲ. "ಇನ್ನು ಮೂರು ಸಲ ಬರಲಿ,
ಆಮೇಲೆ ನೋಡುವ" ಎಂದರು ಸರ್, ಕನ್ನಡಕ ತೆಗೆಯದೆ.
ಐರಿನ್ ಬಾಯಿ ಮಾತ್ರ ಆ ಚೀಟಿಯನ್ನು
ಎರಡು ಸಲ ಓದಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ,
ಉಳಿದ ಎಲೆಗಳ ಪಲ್ಯಕ್ಕೆಂದು ಚೀಲಕ್ಕೆ ತುಂಬಿದಳು.

ಸೋಮವಾರ ಇದಿನಬ್ಬ ತಕ್ಕಡಿ ಎತ್ತಿಕೊಂಡೇ ಕೇಳಿದ,
"ಬಾಗಿಲು ಸಿಕ್ಕಿತಾ?"
ಐದು ಕಿಲೋ ಎಂದೆ.